ಡಬ್ಬಿ ಮೀನು ತಿನ್ನುವ ಬೆಕ್ಕು ಮಂಕಾದಾಗ: ದೋಷ ಎಲ್ಲಿದೆ ಎಂದು ಹುಡುಕುವ ದಾರಿ

ಚುಕ್ಕಿ ಜಿಗಿಯುವುದನ್ನು ನಿಲ್ಲಿಸಿದ್ದು ಸೆಪ್ಟೆಂಬರಿನ ಕೊನೆಯ ವಾರದಲ್ಲಿ. ಅಲ್ಲಿಯವರೆಗೆ ಡಬ್ಬಿ ತೆರೆಯುವ ಸದ್ದು ಕಿವಿಗೆ ಬಿದ್ದರೆ ಸಾಕು, ಮಾಳಿಗೆಯಿಂದ ಓಡಿಬಂದು ಒಂದೇ ನೆಗೆತಕ್ಕೆ ಅಡುಗೆಮನೆಯ ಕಟ್ಟೆ ಏರುತ್ತಿದ್ದಳು. ಆ ವಾರ ಕೆಳಗೇ ನಿಂತು ಕೂಗಿದಳು. ಎತ್ತಿಕೊಳ್ಳೋಣವೆಂದು ಹೊಟ್ಟೆಯ ಕೆಳಗೆ ಕೈ ಹಾಕಿದೆ. ಐದು ವರ್ಷದಲ್ಲಿ ಒಮ್ಮೆಯೂ ಕಚ್ಚದವಳು ಅಂದು ಕಚ್ಚಿದಳು.

ನಮ್ಮ ಮನೆ ಮಲ್ಪೆಯಿಂದ ದೂರವಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆ ಎರಡು ತಿಂಗಳು ಮಾರುಕಟ್ಟೆಯಲ್ಲಿ ಬಂಗುಡೆ, ಬೂತಾಯಿ ಸಿಗುವುದು ಕಷ್ಟ, ಸಿಕ್ಕರೂ ದುಬಾರಿ. ಹಾಗಾಗಿ ಅಂಗಡಿಯಿಂದ ಎಣ್ಣೆಯಲ್ಲಿಟ್ಟ ಟ್ಯೂನಾ ಡಬ್ಬಿಗಳನ್ನು ತಂದೆ. ಮನುಷ್ಯರಿಗೆಂದು ಮಾಡಿದ್ದು, ನಮಗೆ ಒಳ್ಳೆಯದಾದರೆ ಅವಳಿಗೂ ಒಳ್ಳೆಯದೇ ಎಂದುಕೊಂಡೆ. ಆಗಸ್ಟಿನಲ್ಲಿ ಹಸಿ ಮೀನು ಬಂದಾಗ ಅದನ್ನು ಬೇಯಿಸಿ ಹಾಕಿದರೆ ಮೂಸಿ ನೋಡಿ ಹೊರಟುಹೋದಳು. ಕೋಳಿ ಮಾಂಸಕ್ಕೂ ಮೂತಿ ತಿರುಗಿಸಿದಳು. ಡಬ್ಬಿಯೇ ಬೇಕು. ಹಟ ಮಾಡುವುದು ಬೇಡವೆಂದು ನಾನೂ ಸೋತೆ. ಹೀಗೆ ಎರಡು ತಿಂಗಳ ತಾತ್ಕಾಲಿಕ ವ್ಯವಸ್ಥೆ ನಾಲ್ಕು ತಿಂಗಳ ಊಟವಾಯಿತು.

ಬೆಕ್ಕನ್ನು ಬುಟ್ಟಿಯಲ್ಲಿಟ್ಟುಕೊಂಡು ಪಶುವೈದ್ಯರ ಬಳಿ ಹೋದಾಗ ಅವರು ಕೇಳಿದ ಮೊದಲ ಪ್ರಶ್ನೆ ಜ್ವರದ ಬಗ್ಗೆ ಆಗಿರಲಿಲ್ಲ. "ಊಟಕ್ಕೆ ಏನು ಹಾಕುತ್ತಿದ್ದೀರಿ?" ಎಂದರು. ಹೇಳಿದೆ. "ಡಬ್ಬಿ ತಂದಿದ್ದೀರಾ?" ಎಂದರು. ತಂದಿರಲಿಲ್ಲ. ನಿಮ್ಮ ಬೆಕ್ಕು ಡಬ್ಬಿ ಮೀನಿನ ಮೇಲೆ ಬದುಕುತ್ತಿದ್ದು ಈಗ ಏನೋ ಸರಿಯಿಲ್ಲ ಎನಿಸುತ್ತಿದ್ದರೆ, ಈ ಬರಹವನ್ನು ಓದುವ ಮೊದಲೇ ಎದ್ದುಹೋಗಿ ಖಾಲಿ ಡಬ್ಬಿಯೊಂದನ್ನು ಕಸದಿಂದ ತೆಗೆದು, ತೊಳೆದು ಎದುರಿಗೆ ಇಟ್ಟುಕೊಳ್ಳಿ. ಹುಡುಕಾಟ ಅಲ್ಲಿಂದಲೇ ಆರಂಭ.

ಡಬ್ಬಿ ಯಾರಿಗಾಗಿ ಮಾಡಿದ್ದು?

ಮೀನಿನ ಡಬ್ಬಿ ಎಂದರೆ ಒಂದೇ ವಸ್ತುವಲ್ಲ. ಮನುಷ್ಯರಿಗಾಗಿ ಮಾಡಿದ ಟ್ಯೂನಾ, ಬೂತಾಯಿ, ಬಂಗುಡೆಯ ಡಬ್ಬಿ ಒಂದು ಬಗೆ. ಬೆಕ್ಕಿಗೆಂದೇ ಮಾಡಿದ, ಮೀನಿನಿಂದ ತಯಾರಾದ ಒದ್ದೆ ಆಹಾರ ಇನ್ನೊಂದು. ಈ ಎರಡನೆಯದರಲ್ಲಿಯೂ ಎರಡು ಕವಲುಗಳಿವೆ. ಲೇಬಲಿನ ಮೇಲೆ ‘ಕಂಪ್ಲೀಟ್’ ಎಂದಿದ್ದರೆ ಅದು ಸಂಪೂರ್ಣ ಆಹಾರ, ಅಂದರೆ ಬೆಕ್ಕು ಅದನ್ನೇ ದಿನವೂ ತಿಂದರೂ ಅಗತ್ಯ ಪೋಷಕಾಂಶಗಳು ದೊರೆಯುವಂತೆ ಹೊಂದಿಸಿದ್ದು. ‘ಕಾಂಪ್ಲಿಮೆಂಟರಿ’ ಎಂದಿದ್ದರೆ ಅದು ಪೂರಕ ಆಹಾರ. ಮುಖ್ಯ ಊಟದ ಜೊತೆಗೆ ಕೊಡಬೇಕಾದದ್ದೇ ಹೊರತು ಅದರ ಜಾಗದಲ್ಲಿ ಅಲ್ಲ. ಅಂದವಾದ ಪುಟ್ಟ ಡಬ್ಬಿಗಳಲ್ಲಿ ಎಸಳು ಎಸಳಾಗಿ ಕಾಣುವ, ಪದಾರ್ಥಗಳ ಪಟ್ಟಿಯಲ್ಲಿ ಟ್ಯೂನಾ, ನೀರು, ಅಕ್ಕಿ ಎಂದಷ್ಟೇ ಇರುವ ಬೆಕ್ಕಿನ ಆಹಾರಗಳಲ್ಲಿ ಹಲವು ಈ ಪೂರಕ ಗುಂಪಿಗೆ ಸೇರುತ್ತವೆ. ಡಬ್ಬಿಯ ಮೇಲೆ ಬೆಕ್ಕಿನ ಚಿತ್ರವಿದೆ ಎಂಬ ಮಾತ್ರಕ್ಕೆ ಅದು ಸಂಪೂರ್ಣ ಆಹಾರ ಆಗುವುದಿಲ್ಲ. ಬಹಳ ಮಂದಿ ಎಡವುವುದು ಇಲ್ಲಿಯೇ, ಏಕೆಂದರೆ ಇದು ತಪ್ಪು ಎನಿಸುವಂತಹ ತಪ್ಪೇ ಅಲ್ಲ.

ಸಂಪೂರ್ಣ ಆಹಾರದ ಪಟ್ಟಿಯಲ್ಲಿ ಮೀನಿನ ಜೊತೆಗೆ ಟಾರಿನ್ (ಬೆಕ್ಕಿಗೆ ಆಹಾರದಿಂದಲೇ ಸಿಗಬೇಕಾದ ಒಂದು ಅಮೈನೊ ಆಮ್ಲ), ವಿಟಮಿನ್ ಇ, ಥಯಾಮಿನ್, ಕ್ಯಾಲ್ಸಿಯಂ ಮೊದಲಾದವುಗಳ ಹೆಸರುಗಳು ಸಾಲುಗಟ್ಟಿರುತ್ತವೆ. ಅವನ್ನು ನೋಡಿ ರಾಸಾಯನಿಕ ಎಂದು ಹೆದರಬೇಕಾಗಿಲ್ಲ, ಅವೇ ಈ ಊಟವನ್ನು ಊಟವಾಗಿಸುವುದು. ಸಾಕುಪ್ರಾಣಿಗಳ ಆಹಾರಕ್ಕೆ ಮಾನದಂಡ ರೂಪಿಸುವ ಅಮೆರಿಕದ ಆಫ್ಕೊ (AAFCO), ಯುರೋಪಿನ ಫೆಡಿಯಾಫ್ (FEDIAF) ಸಂಸ್ಥೆಗಳ ಉಲ್ಲೇಖ ಲೇಬಲಿನಲ್ಲಿ ಇದೆಯೇ ಎಂದೂ ನೋಡಿ. ಆಫ್ಕೊ ಮಾನದಂಡದಲ್ಲಿ ಒಂದು ಸೂಕ್ಷ್ಮವಿದೆ: ಒಂದು ಕಿಲೊ ಬೆಕ್ಕಿನ ಆಹಾರಕ್ಕೆ ಮೀನೆಣ್ಣೆ ಸೇರಿಸಿದರೆ, ಆ ಎಣ್ಣೆಯ ಪ್ರತಿ ಗ್ರಾಮಿಗೂ ಕನಿಷ್ಠ ಮಟ್ಟದ ಮೇಲೆ 10 ಯೂನಿಟ್ ವಿಟಮಿನ್ ಇ ಹೆಚ್ಚಿಗೆ ಹಾಕಬೇಕು. ಮೀನಿನ ಕೊಬ್ಬು ಹೆಚ್ಚಾದಷ್ಟೂ ವಿಟಮಿನ್ ಇ ಹೆಚ್ಚು ಬೇಕು. ಮನುಷ್ಯರಿಗಾಗಿ ಮಾಡಿದ ಡಬ್ಬಿಯಲ್ಲಿ ಬೆಕ್ಕಿನ ಈ ಲೆಕ್ಕವನ್ನು ಯಾರೂ ಇಟ್ಟಿರುವುದಿಲ್ಲ. ಚುಕ್ಕಿಗೆ ಆದದ್ದರ ಮೂಲ ಅದೇ.

ಮನುಷ್ಯರ ಡಬ್ಬಿಯಾದರೆ ಇನ್ನೊಂದನ್ನೂ ತಪ್ಪದೆ ನೋಡಬೇಕು: ಈರುಳ್ಳಿ, ಬೆಳ್ಳುಳ್ಳಿ ಅಥವಾ ಅವುಗಳ ಪುಡಿ ಇದೆಯೇ? ಟೊಮೆಟೊ ಸಾಸಿನ ಬೂತಾಯಿ, ಮಸಾಲೆ ಟ್ಯೂನಾ ಇಂಥವುಗಳಲ್ಲಿ ಇರುವ ಸಾಧ್ಯತೆ ಹೆಚ್ಚು. ಈರುಳ್ಳಿ ಜಾತಿಯ ಯಾವುದೇ ಪದಾರ್ಥ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಒಸಡು ಬಿಳಿಚಿಕೊಂಡಿದ್ದು, ಮೂತ್ರ ಕಂದು ಬಣ್ಣಕ್ಕೆ ತಿರುಗಿ, ಉಸಿರಾಟ ವೇಗವಾಗಿದ್ದರೆ ಮುಂದೆ ಓದುತ್ತಾ ಕೂರದೆ ವೈದ್ಯರ ಬಳಿ ಹೊರಡಿ. ನಮ್ಮ ಕಡೆ ಮೀನು ಸಾರಿನ ಗಸಿಯನ್ನು ಅನ್ನಕ್ಕೆ ಕಲಸಿ ಬೆಕ್ಕಿಗೆ ಹಾಕುವುದು ವಾಡಿಕೆ. ಅದಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಎಷ್ಟು ದಿನದಿಂದ, ಊಟದಲ್ಲಿ ಎಷ್ಟು ಪಾಲು?

ಡಬ್ಬಿ ನೋಡಿದ ಮೇಲೆ ಒಂದು ಹಾಳೆಯಲ್ಲಿ ಕಳೆದ ಮೂರು ತಿಂಗಳ ಊಟವನ್ನು ಬರೆಯಿರಿ. ಬಾಯಲ್ಲಿ ಹೇಳುವಾಗ "ಆಗಾಗ ಮೀನು ಕೊಡುತ್ತೇವೆ" ಎಂದುಬಿಡುತ್ತೇವೆ. ಬರೆಯಲು ಕುಳಿತಾಗಲೇ ಆಗಾಗ ಎಂದರೆ ದಿನಕ್ಕೆ ಎರಡು ಸಲ ಎಂಬುದು ಹೊರಬರುತ್ತದೆ. ನನಗಂತೂ ಹಾಗೇ ಆಯಿತು. ವಾರಕ್ಕೆ ಎಷ್ಟು ಡಬ್ಬಿ ಖಾಲಿಯಾಗುತ್ತಿತ್ತು, ಬೇರೆ ಆಹಾರ ಮುಟ್ಟುತ್ತಿದ್ದಳೇ, ಮನೆಯಲ್ಲಿ ಬೇರೆ ಯಾರಾದರೂ ಏನಾದರೂ ಹಾಕುತ್ತಿದ್ದರೇ ಎಂದೆಲ್ಲ ಬರೆಯಿರಿ. ನೆರೆಮನೆಯವರನ್ನೂ ಕೇಳಿ, ಬೆಕ್ಕು ಒಂದೇ ಮನೆಯಲ್ಲಿ ಉಣ್ಣುವ ಪ್ರಾಣಿಯಲ್ಲ.

ಮೀನು ಊಟದ ಹತ್ತನೆಯ ಒಂದು ಪಾಲಿಗಿಂತ ಕಡಿಮೆ, ಉಳಿದದ್ದು ಸಂಪೂರ್ಣ ಬೆಕ್ಕಿನ ಆಹಾರ ಎಂದಾದರೆ, ಪೋಷಕಾಂಶದ ಕೊರತೆಯನ್ನು ಅನುಮಾನಿಸಲು ಆಧಾರ ಕಡಿಮೆ. ಆಗ ಬೇರೆ ಕಾರಣ ಹುಡುಕಬೇಕು. ಅರ್ಧಕ್ಕಿಂತ ಹೆಚ್ಚು ಪಾಲು ಮನುಷ್ಯರ ಡಬ್ಬಿ ಅಥವಾ ಪೂರಕ ಡಬ್ಬಿ, ಅದೂ ಹಲವು ವಾರಗಳಿಂದ ಎಂದಾದರೆ ಆಹಾರವೇ ಮೊದಲ ಆರೋಪಿ. ಮರಿಗಳ ವಿಷಯದಲ್ಲಿ ಇಷ್ಟು ಕಾಯುವ ಹಾಗೂ ಇಲ್ಲ. ಮುಳ್ಳಿಲ್ಲದ ಟ್ಯೂನಾದಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ತೀರಾ ಕಡಿಮೆ. ಬೆಳೆಯುವ ಮರಿಗೆ ಅದನ್ನೇ ತಿನ್ನಿಸಿದರೆ ದೇಹವು ಮೂಳೆಯಿಂದಲೇ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ. ಕುಂಟುವ, ಆಡಲು ಮನಸ್ಸು ಮಾಡದ, ಸಣ್ಣ ಎತ್ತರದಿಂದ ಬಿದ್ದು ಕಾಲು ಮುರಿದುಕೊಳ್ಳುವ ಮರಿಯ ಹಿಂದೆ ಇಂತಹ ಊಟ ಇರುವುದುಂಟು. ಮುಳ್ಳು ಸಹಿತ ಮೆತ್ತಗಾಗಿರುವ ಬೂತಾಯಿ ಡಬ್ಬಿಯಲ್ಲಿ ಈ ಒಂದು ಕೊರತೆ ಇರುವುದಿಲ್ಲ, ಉಳಿದವು ಇರುತ್ತವೆ.

ಮುಟ್ಟಿದರೆ ನೋವು, ಜಿಗಿಯಲು ಹಿಂಜರಿಕೆ, ಜ್ವರ

ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಚುಕ್ಕಿಗೆ ಬಂದದ್ದು ಇದೇ. ಹೆಸರು ಸ್ಟಿಯಾಟೈಟಿಸ್, ಹಳದಿ ಕೊಬ್ಬಿನ ರೋಗ ಎಂದೂ ಕರೆಯುತ್ತಾರೆ. ಮೀನಿನ ಕೊಬ್ಬು ನಮ್ಮ ತೆಂಗಿನೆಣ್ಣೆಯಂತಲ್ಲ, ಬಹಳ ಬೇಗ ಕಮಟಾಗುವ ಜಾತಿಯದು. ಬೆಕ್ಕು ದಿನವೂ ಅದನ್ನೇ ತಿಂದಾಗ ಅದರ ಮೈಕೊಬ್ಬೂ ಅದೇ ಗುಣದ್ದಾಗುತ್ತದೆ. ದೇಹದೊಳಗೆ ಆ ಕೊಬ್ಬು ಕಮಟಾಗದಂತೆ ಕಾಯುವುದು ವಿಟಮಿನ್ ಇ. ಕಾಯಬೇಕಾದ ಕೊಬ್ಬು ಹೆಚ್ಚಿ, ಕಾವಲು ಕಡಿಮೆಯಾದಾಗ ಚರ್ಮದ ಕೆಳಗಿನ ಮತ್ತು ಹೊಟ್ಟೆಯೊಳಗಿನ ಕೊಬ್ಬು ಕೆಟ್ಟು ಉರಿಯೂತ ಆಗುತ್ತದೆ. ಕೊಬ್ಬು ಗಟ್ಟಿಯಾಗಿ, ಗಂಟುಗಂಟಾಗಿ, ಹಳದಿಯಿಂದ ಕಂದುಗಿತ್ತಳೆಯ ಬಣ್ಣಕ್ಕೆ ತಿರುಗುತ್ತದೆ. ಅಮೆರಿಕದ ಪಶುವೈದ್ಯರು 1950ರ ದಶಕದಲ್ಲಿಯೇ, ಕೆಂಪು ಟ್ಯೂನಾದ ಡಬ್ಬಿ ತಿನ್ನುತ್ತಿದ್ದ ಬೆಕ್ಕುಗಳಲ್ಲಿ ಇದನ್ನು ಗುರುತಿಸಿದ್ದರು. ಬೆಕ್ಕಿನ ಆಹಾರ ತಯಾರಕರು ವಿಟಮಿನ್ ಇ ಸೇರಿಸತೊಡಗಿದ ಮೇಲೆ ರೋಗ ಅಪರೂಪವಾಯಿತು. ಈಗ ಅದು ಕಾಣಿಸುವುದು ಹೆಚ್ಚಾಗಿ ಪ್ರೀತಿಯಿಂದ ಮನುಷ್ಯರ ಡಬ್ಬಿ ತೆರೆದು ಹಾಕುವ ಮನೆಗಳಲ್ಲಿ.

ಮನೆಯಲ್ಲಿ ಪರೀಕ್ಷಿಸುವುದಾದರೆ ಬೆಕ್ಕು ಮಲಗಿರುವಾಗ ಅಂಗೈಯಿಂದ ಹಗುರವಾಗಿ ಬೆನ್ನು ಸವರಿ. ಆರೋಗ್ಯವಂತ ಬೆಕ್ಕು ಬೆನ್ನೆತ್ತಿ ಕೈಗೆ ಒತ್ತಿಕೊಳ್ಳುತ್ತದೆ. ನೋವಿರುವ ಬೆಕ್ಕಿನ ಚರ್ಮ ಅದುರುತ್ತದೆ, ಬಾಲ ಬಡಿಯುತ್ತದೆ, ಅದು ತಿರುಗಿ ನೋಡಿ ಗುರ್ ಎನ್ನುತ್ತದೆ. ಹಿಂಗಾಲಿನ ತೊಡೆಸಂದಿಯಲ್ಲಿ, ಹೊಟ್ಟೆಯ ಕೆಳಗೆ ಬೆರಳಿಗೆ ಗಂಟು ಸಿಗುತ್ತದೆಯೇ ನೋಡಿ. ಹಿಸುಕಬೇಡಿ. ಬೆಕ್ಕಿನ ಸಹಜ ಉಷ್ಣತೆ ಸುಮಾರು 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಚುಕ್ಕಿಗೆ ಆ ದಿನ 104 ಇತ್ತು.

ಇದೇ ಲಕ್ಷಣಗಳು ಬೇರೆ ಕಾರಣಕ್ಕೂ ಬರುತ್ತವೆ, ಅವನ್ನು ಬೇರ್ಪಡಿಸಿ ನೋಡಬೇಕು. ಬೇರೆ ಬೆಕ್ಕಿನೊಂದಿಗೆ ಕಾದಾಡಿ ಕಚ್ಚಿಸಿಕೊಂಡು ಕೀವು ತುಂಬಿದ್ದರೆ ನೋವು ಒಂದೇ ಜಾಗದಲ್ಲಿ ಇರುತ್ತದೆ, ಆ ಜಾಗ ಊದಿ ಬಿಸಿಯಾಗಿರುತ್ತದೆ. ಸಂಧಿವಾತವಾದರೆ ವಯಸ್ಸಾಗಿರುತ್ತದೆ, ಬೆಳಗ್ಗೆ ಬಿಗಿತ ಹೆಚ್ಚು, ಜ್ವರ ಇರುವುದಿಲ್ಲ. ಬಿದ್ದು ಪೆಟ್ಟಾಗಿದ್ದರೆ ಒಂದು ದಿನ ಚೆನ್ನಾಗಿದ್ದದ್ದು ಮರುದಿನ ಕುಂಟುತ್ತದೆ. ಹಳದಿ ಕೊಬ್ಬಿನ ರೋಗದಲ್ಲಿ ನೋವು ಕೊಬ್ಬಿರುವ ಕಡೆಯೆಲ್ಲ ಹರಡಿರುತ್ತದೆ, ನಿಧಾನವಾಗಿ ಏರುತ್ತದೆ, ಜೊತೆಗೆ ಜ್ವರ, ಹಸಿವಿಲ್ಲದಿರುವುದು, ಮೈ ನೆಕ್ಕಿಕೊಳ್ಳುವುದನ್ನು ಬಿಡುವುದು ಎಲ್ಲ ಸೇರಿರುತ್ತವೆ. ಬಿಳಿ ರಕ್ತಕಣ ಏರಿರುವುದು ರಕ್ತಪರೀಕ್ಷೆಯಲ್ಲಿ ಕಾಣುತ್ತದೆ. ಖಚಿತಪಡಿಸಲು ಕೊಬ್ಬಿನ ಸಣ್ಣ ಚೂರನ್ನು ತೆಗೆದು ನೋಡುತ್ತಾರೆ. ಚುಕ್ಕಿಯ ತೊಡೆಸಂದಿಯಿಂದ ತೆಗೆದ ಚೂರನ್ನು ವೈದ್ಯರು ನನಗೆ ತೋರಿಸಿದರು. ಮಾಗಿದ ಹಲಸಿನ ತೊಳೆಯ ಬಣ್ಣ.

ಇಲ್ಲಿ ಒಂದು ಎಚ್ಚರಿಕೆ, ದಯವಿಟ್ಟು ಮನಸ್ಸಿಗೆ ತೆಗೆದುಕೊಳ್ಳಿ. ಜ್ವರ ಮತ್ತು ನೋವು ಎಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಮಾತ್ರೆಯ ತುಂಡನ್ನು ಬೆಕ್ಕಿಗೆ ಕೊಡಬೇಡಿ. ಅದನ್ನು ಜೀರ್ಣಿಸುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲ. ಒಂದೇ ಮಾತ್ರೆ ಜೀವ ತೆಗೆಯಬಲ್ಲದು. ವಿಟಮಿನ್ ಇ ಕ್ಯಾಪ್ಸೂಲನ್ನೂ ನೀವೇ ಅಂದಾಜಿನಲ್ಲಿ ಒಡೆದು ಹಾಕಬೇಡಿ, ಪ್ರಮಾಣ ವೈದ್ಯರು ಹೇಳಬೇಕು. ಚಿಕಿತ್ಸೆ ಮುಖ್ಯವಾಗಿ ಮೂರು: ಮೀನು ನಿಲ್ಲಿಸುವುದು, ವಿಟಮಿನ್ ಇ, ನೋವು ಮತ್ತು ಉರಿಯೂತಕ್ಕೆ ಬೆಕ್ಕಿಗೆ ಸುರಕ್ಷಿತವಾದ ಔಷಧ. ತಿನ್ನಲೇ ಒಲ್ಲದ ಬೆಕ್ಕಿಗೆ ಕೆಲವೊಮ್ಮೆ ನಳಿಕೆಯ ಮೂಲಕ ಆಹಾರ ಕೊಡಬೇಕಾಗುತ್ತದೆ. ಗುಣವಾಗಲು ವಾರಗಳಿಂದ ತಿಂಗಳುಗಳು ಹಿಡಿಯುತ್ತವೆ.

ಕತ್ತು ಕೆಳಗೆ ಬಾಗಿದರೆ

ಬೆಕ್ಕಿನ ಗದ್ದ ಎದೆಗೆ ತಾಗುವಂತೆ ಕತ್ತು ಬಾಗಿದೆ, ನಡೆ ತಡವರಿಸುತ್ತಿದೆ, ಬೆಳಕಿನಲ್ಲಿಯೂ ಕಣ್ಣಿನ ಪಾಪೆ ಅಗಲವಾಗಿಯೇ ಇದೆ ಎಂದಾದರೆ ಥಯಾಮಿನ್, ಅಂದರೆ ವಿಟಮಿನ್ ಬಿ1 ಕೊರತೆಯನ್ನು ಮೊದಲು ನೆನೆಯಬೇಕು. ಬೆಕ್ಕಿಗೆ ಈ ವಿಟಮಿನ್ ನಾಯಿಗಿಂತ ಬಹಳ ಹೆಚ್ಚು ಬೇಕು, ದೇಹದಲ್ಲಿ ಸಂಗ್ರಹ ಕಡಿಮೆ. ಆರಂಭದಲ್ಲಿ ಹಸಿವಿಲ್ಲದಿರುವುದು, ಜೊಲ್ಲು ಸುರಿಯುವುದು ಅಷ್ಟೇ ಕಾಣುತ್ತದೆ. ಕತ್ತು ಬಾಗುವ ಹೊತ್ತಿಗೆ ಮೆದುಳಿಗೆ ಪೆಟ್ಟು ಬಿದ್ದಾಗಿರುತ್ತದೆ. ಮುಂದಿನ ಹಂತ ಅಪಸ್ಮಾರದಂತಹ ಸೆಳೆತ. ಇದು ಅದೇ ದಿನ, ಅದೇ ಗಂಟೆ ವೈದ್ಯರ ಬಳಿ ಹೋಗಬೇಕಾದ ಸ್ಥಿತಿ. ಥಯಾಮಿನ್ ಚುಚ್ಚುಮದ್ದು ಬಿದ್ದರೆ ಹಲವು ಬೆಕ್ಕುಗಳು ಒಂದೆರಡು ದಿನದಲ್ಲೇ ಚೇತರಿಸಿಕೊಳ್ಳತೊಡಗುತ್ತವೆ, ತಡವಾದರೆ ಸಾಯುತ್ತವೆ.

ಈ ಕೊರತೆಗೆ ಕರಾವಳಿಯಲ್ಲಿ ಡಬ್ಬಿಗಿಂತ ದೊಡ್ಡ ಕಾರಣ ಹಸಿ ಮೀನು. ಬೂತಾಯಿಯ ಜಾತಿಯ ಹಲವು ಮೀನುಗಳಲ್ಲಿ ಥಯಾಮಿನೇಸ್ ಎಂಬ ಕಿಣ್ವವಿದೆ, ಅದು ಥಯಾಮಿನ್ ಅನ್ನು ನಾಶ ಮಾಡುತ್ತದೆ. ಮೀನು ಕೊಯ್ಯುವಾಗ ಪಕ್ಕದಲ್ಲಿ ಕಾದು ಕುಳಿತ ಬೆಕ್ಕಿಗೆ ತಲೆ, ಕರುಳು ಎಸೆಯುತ್ತೇವಲ್ಲ, ಕಿಣ್ವ ಹೆಚ್ಚಾಗಿ ಇರುವುದು ಅಂತಹ ಒಳಭಾಗಗಳಲ್ಲಿಯೇ. ಬೇಯಿಸಿದರೆ ಕಿಣ್ವ ಸಾಯುತ್ತದೆ. ಡಬ್ಬಿ ಮೀನು ಬೆಂದದ್ದೇ ಆದ್ದರಿಂದ ಆ ಅಪಾಯ ಇಲ್ಲ. ಆದರೆ ಡಬ್ಬಿ ತಯಾರಿಸುವ ಬಿಸಿಗೆ ಥಯಾಮಿನ್ ಕೂಡ ಬಹುಪಾಲು ಹಾಳಾಗುತ್ತದೆ. ಬೆಕ್ಕಿನ ಸಂಪೂರ್ಣ ಆಹಾರದಲ್ಲಿ ಅದನ್ನು ಲೆಕ್ಕ ಹಾಕಿ ಮತ್ತೆ ಸೇರಿಸುತ್ತಾರೆ, ಮನುಷ್ಯರ ಡಬ್ಬಿಯಲ್ಲಿ ಸೇರಿಸುವುದಿಲ್ಲ.

ಟಾರಿನ್ ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಅದು ಕಡಿಮೆಯಾದರೆ ಬೆಕ್ಕಿನ ಅಕ್ಷಿಪಟ ಸವೆಯುತ್ತದೆ, ಹೃದಯದ ಸ್ನಾಯು ಸಡಿಲವಾಗಿ ಹಿಗ್ಗುತ್ತದೆ. ಹೃದಯದ ಈ ಸಂಬಂಧ ಸ್ಪಷ್ಟವಾದದ್ದು 1987ರಲ್ಲಿ, ಆಮೇಲೆ ಬೆಕ್ಕಿನ ಆಹಾರಗಳಲ್ಲಿ ಟಾರಿನ್ ಪ್ರಮಾಣವನ್ನು ಏರಿಸಲಾಯಿತು. ಮೀನಿನಲ್ಲಿ ಟಾರಿನ್ ಇದೆ, ಆದರೆ ಅದು ನೀರಿನಲ್ಲಿ ಕರಗುವಂಥದ್ದು. ಡಬ್ಬಿಯ ನೀರನ್ನು ಬಸಿದು ಚೆಲ್ಲಿದರೆ ಅದರಲ್ಲಿ ಒಂದಷ್ಟು ಹೋಯಿತು.

ತುರಿಕೆ, ವಾಂತಿ, ಮೂತ್ರ

ಮುಖ, ಕಿವಿ, ಕತ್ತಿನ ಸುತ್ತ ಕೆರೆದುಕೊಂಡು ಕೂದಲು ಉದುರುತ್ತಿದ್ದರೆ ಮೊದಲು ಚಿಗಟ ಇದೆಯೇ ನೋಡಿ. ಇಲ್ಲದಿದ್ದರೆ ಆಹಾರದ ಅಲರ್ಜಿ ಇರಬಹುದು. ಬೆಕ್ಕುಗಳಲ್ಲಿ ಅಲರ್ಜಿ ತರುವ ಆಹಾರಗಳಲ್ಲಿ ದನದ ಮಾಂಸ, ಕೋಳಿಯ ಜೊತೆಗೆ ಮೀನು ಮುಂಚೂಣಿಯಲ್ಲಿದೆ. ಇದನ್ನು ಕಂಡುಹಿಡಿಯುವ ನಂಬಿಕಸ್ಥ ದಾರಿ ಒಂದೇ: ವೈದ್ಯರು ಆರಿಸಿದ ಬೇರೆ ಆಹಾರವನ್ನು ಕನಿಷ್ಠ ಎಂಟು ವಾರ ಕೊಟ್ಟು, ಆ ಅವಧಿಯಲ್ಲಿ ಮೀನಿನ ಒಂದು ಎಸಳೂ ಬಾಯಿಗೆ ಹೋಗದಂತೆ ನೋಡಿಕೊಂಡು, ತುರಿಕೆ ನಿಂತ ಮೇಲೆ ಮತ್ತೆ ಮೀನು ಕೊಟ್ಟು ನೋಡುವುದು.

ತಿಂದ ಸ್ವಲ್ಪ ಹೊತ್ತಿಗೇ ವಾಂತಿ, ಜೊಲ್ಲು ಬಂದರೆ ಡಬ್ಬಿ ತೆರೆದು ಎಷ್ಟು ಹೊತ್ತು ಹೊರಗಿತ್ತು ಎಂದು ಯೋಚಿಸಿ. ಟ್ಯೂನಾ, ಬಂಗುಡೆ, ಬೂತಾಯಿಗಳಂತಹ ಮೀನು ಸೆಕೆಗೆ ಕೆಡತೊಡಗಿದಾಗ ಹಿಸ್ಟಮಿನ್ ಎಂಬ, ವಿಷದಂತೆ ಕೆಲಸ ಮಾಡುವ ವಸ್ತು ಹುಟ್ಟುತ್ತದೆ, ಮತ್ತೆ ಬಿಸಿ ಮಾಡಿದರೆ ಅದು ಹೋಗುವುದಿಲ್ಲ. ತೆರೆದ ಡಬ್ಬಿಯಲ್ಲಿ ಉಳಿದದ್ದನ್ನು ಗಾಜಿನ ಅಥವಾ ಸ್ಟೀಲಿನ ಪಾತ್ರೆಗೆ ಹಾಕಿ, ಮುಚ್ಚಿ, ಫ್ರಿಜ್ಜಿನಲ್ಲಿಟ್ಟು ಎರಡು ದಿನದೊಳಗೆ ಮುಗಿಸಬೇಕು. ಉಬ್ಬಿದ ಡಬ್ಬಿಯನ್ನು ತೆರೆಯಲೇಬೇಡಿ.

ಗಂಡು ಬೆಕ್ಕು ಮಲಮೂತ್ರದ ತಟ್ಟೆಗೆ ಮತ್ತೆ ಮತ್ತೆ ಹೋಗಿ ಕುಳಿತು, ತಿಣುಕಿ, ಒಂದು ಹನಿಯೂ ಬಾರದೆ ಕೂಗುತ್ತಿದ್ದರೆ ಆಹಾರದ ವಿಚಾರ ಆಮೇಲೆ. ಮೂತ್ರನಾಳ ಕಟ್ಟಿಕೊಂಡಿದೆ. ಒಂದೆರಡು ದಿನದಲ್ಲಿ ಪ್ರಾಣ ಹೋಗುತ್ತದೆ. ಮಲಬದ್ಧತೆ ಎಂದು ಭಾವಿಸಿ ಹರಳೆಣ್ಣೆ ಕುಡಿಸುತ್ತಾ ಕಾದವರನ್ನು ಕಂಡಿದ್ದೇನೆ. ರಾತ್ರಿಯಾದರೂ ಸರಿ, ಹೊರಡಿ.

ಹತ್ತು ವರ್ಷ ದಾಟಿದ ಬೆಕ್ಕು ಹೊಟ್ಟೆಬಾಕನಂತೆ ತಿಂದೂ ಸೊರಗುತ್ತಿದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ. ಡಬ್ಬಿ ಆಹಾರಕ್ಕೂ, ಅದರಲ್ಲೂ ಮೀನಿನದಕ್ಕೂ, ಈ ತೊಂದರೆಗೂ ನಂಟು ಕಂಡ ಸಮೀಕ್ಷೆಗಳಿವೆ, ಕಾರಣ ಮಾತ್ರ ಇತ್ಯರ್ಥವಾಗಿಲ್ಲ.

ಪಾದರಸದ ಪ್ರಶ್ನೆ

ಜಪಾನಿನ ಮಿನಮಾಟದಲ್ಲಿ 1950ರ ದಶಕದಲ್ಲಿ ಕಾರ್ಖಾನೆಯ ಪಾದರಸ ಕೊಲ್ಲಿಯ ನೀರಿಗೆ ಸೇರಿದಾಗ, ಮನುಷ್ಯರಿಗಿಂತ ಮೊದಲು ತಡವರಿಸಿ ಬಿದ್ದವು ಮೀನುಗಾರರ ಮನೆಯ ಬೆಕ್ಕುಗಳು. ಊರಿನವರು ಅದನ್ನು ಕುಣಿಯುವ ಬೆಕ್ಕಿನ ರೋಗ ಎಂದು ಕರೆದರು. ಮನುಷ್ಯರ ರೋಗ ಅಧಿಕೃತವಾಗಿ ದಾಖಲಾದದ್ದು 1956ರ ಮೇ 1ರಂದು. ಅದು ವಿಷ ಸುರಿದ ಕೊಲ್ಲಿಯ ಕಥೆ, ಅಂಗಡಿಯ ಡಬ್ಬಿಯಲ್ಲಿ ಅಷ್ಟು ಪಾದರಸ ಇರುವುದಿಲ್ಲ. ಆದರೂ ಬೆಕ್ಕು ನಾಲ್ಕು ಕಿಲೊದ ಜೀವ, ದಿನಕ್ಕೆರಡು ಸಲ ಅದೇ ಮೀನು ತಿಂದರೆ ಮೈತೂಕಕ್ಕೆ ಹೋಲಿಸಿದಾಗ ನಾವು ತಿನ್ನುವುದಕ್ಕಿಂತ ಎಷ್ಟೋ ಹೆಚ್ಚು ತಿಂದಂತಾಯಿತು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಅಳತೆಗಳ ಪ್ರಕಾರ ಡಬ್ಬಿಯ ಆಲ್ಬಕೋರ್ ಟ್ಯೂನಾದಲ್ಲಿ ಸರಾಸರಿ 0.35 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 0.35 ಭಾಗ) ಪಾದರಸವಿದೆ, ಲೈಟ್ ಟ್ಯೂನಾದಲ್ಲಿ ಸುಮಾರು 0.13, ಬೂತಾಯಿಯ ಜಾತಿಯಲ್ಲಿ ಕೇವಲ 0.013. ದೊಡ್ಡ ಮೀನು ಸಣ್ಣ ಮೀನನ್ನು ತಿಂದು ಅದರ ಪಾದರಸವನ್ನೂ ತನ್ನೊಳಗೆ ಕೂಡಿಟ್ಟುಕೊಳ್ಳುತ್ತದೆ. ಬೆಕ್ಕಿಗೆ ಅಪರೂಪಕ್ಕೆ ಮೀನು ಕೊಡುವಾಗಲೂ ಟ್ಯೂನಾಕ್ಕಿಂತ ಬೂತಾಯಿಯೇ ಮೇಲು ಎಂದು ನಾನು ಹೇಳುವುದು ಈ ಕಾರಣಕ್ಕೆ.

ಹಟ ಬಿಡಿಸುವುದು

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯರು ಹೇಳಿದ್ದೂ ಹಾಲು ಅನ್ನ ಎನ್ನುವ ಭಾಗ್ಯ ಇಲ್ಲಿಲ್ಲ. ಬೆಕ್ಕು ಬಯಸುವುದು ಟ್ಯೂನಾ, ವೈದ್ಯರು ಹೇಳುವುದು ಬೇರೆ. "ಬೆಕ್ಕಿಗೆ ಮೀನು ಹಾಕದೆ ಮತ್ತೇನು ಹಾಕುವುದು? ನಮ್ಮ ಕಾಲದಲ್ಲಿ ಬೆಕ್ಕುಗಳು ಬದುಕಲಿಲ್ಲವೇ?" ಎಂದು ಅಮ್ಮ ಕೇಳಿದರು. ಬದುಕಿದವು. ಆದರೆ ಆ ಬೆಕ್ಕುಗಳು ಮೀನಿನ ಜೊತೆ ಇಲಿ, ಓತಿಕ್ಯಾತ, ಹಕ್ಕಿ, ಮಿಡತೆಗಳನ್ನೂ ಹಿಡಿದು ತಿನ್ನುತ್ತಿದ್ದವು. ಇಲಿಯೊಂದರಲ್ಲಿ ಮಾಂಸ, ಮೂಳೆ, ಯಕೃತ್ತು ಎಲ್ಲ ಇದೆ, ಅದೇ ಬೆಕ್ಕಿನ ಮೂಲ ಊಟ. ಮನೆಬೆಕ್ಕಿನ ಪೂರ್ವಜ ಪಶ್ಚಿಮ ಏಷ್ಯಾ ಮತ್ತು ಉತ್ತರ ಆಫ್ರಿಕಾದ ಒಣಭೂಮಿಯ ಕಾಡುಬೆಕ್ಕು. ಅದಕ್ಕೆ ಸಮುದ್ರದ ಮೀನು ನಿತ್ಯದ ಬೇಟೆ ಆಗಿರಲಿಲ್ಲ. ಹಾಗಿದ್ದೂ ಟ್ಯೂನಾಕ್ಕೆ ಹೀಗೇಕೆ ಸೋಲುತ್ತದೆ? ಬೆಕ್ಕಿನ ನಾಲಗೆಗೆ ಸಿಹಿ ತಿಳಿಯುವುದಿಲ್ಲ, ಮಾಂಸದ ಉಮಾಮಿ ರುಚಿ ಚೆನ್ನಾಗಿ ತಿಳಿಯುತ್ತದೆ. ಆ ರುಚಿಯನ್ನು ಹಿಡಿಯುವ ಗ್ರಾಹಿಯನ್ನು ಬಲವಾಗಿ ಪ್ರಚೋದಿಸುವ ಹಿಸ್ಟಿಡಿನ್ ಮತ್ತು ಇನೊಸಿನ್ ಮೊನೊಫಾಸ್ಫೇಟ್ ಎಂಬ ವಸ್ತುಗಳೆರಡೂ ಟ್ಯೂನಾದಲ್ಲಿ ಹೇರಳವಾಗಿವೆ ಎಂದು 2023ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಅವಳ ಹಟಕ್ಕೆ ನಾಲಗೆಯಲ್ಲೇ ಕಾರಣವಿದೆ ಎಂದು ತಿಳಿದ ಮೇಲೆ ನನಗೆ ಸಿಟ್ಟು ಬರಲಿಲ್ಲ.

ಹಸಿವಾದರೆ ತಾನೇ ತಿನ್ನುತ್ತದೆ ಎಂದು ಉಪವಾಸ ಕೆಡವಬೇಡಿ. ನಾಯಿಗೆ ನಡೆಯಬಹುದು, ಬೆಕ್ಕಿಗೆ ನಡೆಯುವುದಿಲ್ಲ. ಎರಡು ಮೂರು ದಿನ ಏನೂ ತಿನ್ನದಿದ್ದರೆ, ಅದರಲ್ಲೂ ಮೈತುಂಬಿಕೊಂಡ ಬೆಕ್ಕಾದರೆ, ದೇಹದ ಕೊಬ್ಬು ಯಕೃತ್ತಿಗೆ ನುಗ್ಗಿ ಅಲ್ಲಿಯೇ ತುಂಬಿಕೊಳ್ಳುತ್ತದೆ, ಕಾಮಾಲೆಯಾಗುತ್ತದೆ. ಇಪ್ಪತ್ನಾಲ್ಕು ಗಂಟೆ ಏನೂ ಮುಟ್ಟದಿದ್ದರೆ ವೈದ್ಯರಿಗೆ ಫೋನ್ ಮಾಡಿ.

ಆರೋಗ್ಯವಾಗಿಯೇ ಇರುವ, ಡಬ್ಬಿ ರೂಢಿಯಾದ ಬೆಕ್ಕಾದರೆ ಹತ್ತು ದಿನದಿಂದ ಎರಡು ವಾರ ತೆಗೆದುಕೊಳ್ಳಿ. ರೋಗ ಕಾಣಿಸಿದ್ದರೆ ಮೀನನ್ನು ಎಷ್ಟು ಬೇಗ ಬಿಡಿಸಬೇಕೆಂದು ವೈದ್ಯರು ಹೇಳುತ್ತಾರೆ. ಚುಕ್ಕಿಗೆ ಮಾಡಿದ್ದು ಹೀಗೆ: ಮೊದಲ ಆಯ್ಕೆ ಕೋಳಿಯ ಸಂಪೂರ್ಣ ಒದ್ದೆ ಆಹಾರ. ಅದನ್ನು ಬಿಸಿನೀರಿನ ಬಟ್ಟಲಲ್ಲಿಟ್ಟು ಉಗುರು ಬೆಚ್ಚಗೆ ಮಾಡಿದೆ, ಬೆಚ್ಚಗಾದರೆ ಪರಿಮಳ ಏಳುತ್ತದೆ. ನೀರಿನಲ್ಲಿಟ್ಟ, ಉಪ್ಪು ಹಾಕದ ಟ್ಯೂನಾದ ರಸ ಒಂದು ಚಮಚವನ್ನು ಅದರ ಮೇಲೆ ಚಿಮುಕಿಸಿದೆ, ಮೀನಿನ ಎಸಳಿಲ್ಲ, ಎಣ್ಣೆಯಿಲ್ಲ. ಮೂರು ದಿನಕ್ಕೊಮ್ಮೆ ರಸವನ್ನು ಅರ್ಧಕ್ಕೆ ಇಳಿಸಿದೆ. ತಟ್ಟೆಯನ್ನು ದಿನವಿಡೀ ಇಡದೆ, ನಾಲ್ಕು ಹೊತ್ತು ಅರ್ಧ ಗಂಟೆ ಇಟ್ಟು ಎತ್ತಿದೆ. ಮೊದಲ ಎರಡು ದಿನ ನೆಕ್ಕಿದಳೇ ಹೊರತು ತಿನ್ನಲಿಲ್ಲ. ವೈದ್ಯರು ಕೊಟ್ಟ ದ್ರವ ಆಹಾರವನ್ನು ಸೂಜಿಯಿಲ್ಲದ ಸಿರಿಂಜಿನಲ್ಲಿ ಬಾಯಿಯ ಪಕ್ಕದಿಂದ ಕುಡಿಸಿ ಆ ದಿನಗಳನ್ನು ದಾಟಿಸಿದೆವು. ಮೂರನೆಯ ಸಂಜೆ ಅಂಗೈಯಲ್ಲಿಟ್ಟು ಹಿಡಿದಾಗ ತಿಂದಳು. ಆಮೇಲೆ ಒಂದು ವಾರ ಅವಳಿಗೆ ಅಂಗೈಯೇ ತಟ್ಟೆ.

ವಾರಕ್ಕೊಮ್ಮೆ ತೂಕ ನೋಡಿ. ಬೆಕ್ಕನ್ನು ಎತ್ತಿಕೊಂಡು ತಕ್ಕಡಿ ಹತ್ತಿ, ಬಳಿಕ ನಿಮ್ಮ ತೂಕವನ್ನು ಕಳೆಯಿರಿ. ನಾಲ್ಕು ಕಿಲೊ ಬೆಕ್ಕು ಒಂದೆರಡು ವಾರದಲ್ಲಿ ಇನ್ನೂರು ಗ್ರಾಮ್ ಇಳಿದರೆ ಅದು ಸಣ್ಣ ಇಳಿಕೆಯಲ್ಲ.

ಹಾಗಾದರೆ ಎಷ್ಟು ಕೊಡಬಹುದು?

ನಾಲ್ಕು ಕಿಲೊ ತೂಕದ ಮನೆಬೆಕ್ಕಿಗೆ ದಿನಕ್ಕೆ ಸುಮಾರು 200 ಕಿಲೊಕ್ಯಾಲರಿ ಬೇಕು. ಅದರಲ್ಲಿ ಹತ್ತನೆಯ ಒಂದು ಪಾಲು, ಅಂದರೆ 20, ತಿನಿಸಿಗೆ ಬಿಡಬಹುದು. ನೀರಿನಲ್ಲಿಟ್ಟ ಟ್ಯೂನಾ ನೂರು ಗ್ರಾಮಿಗೆ ಸುಮಾರು 100 ಕಿಲೊಕ್ಯಾಲರಿ, ಹಾಗಾಗಿ ಇಪ್ಪತ್ತು ಗ್ರಾಮ್. ಎಣ್ಣೆ ಬಸಿದ ಬೂತಾಯಿ ಅದರ ಎರಡರಷ್ಟು, ಹಾಗಾಗಿ ಹತ್ತು ಗ್ರಾಮ್. ಅದೂ ದಿನವೂ ಅಲ್ಲ, ವಾರಕ್ಕೆ ಒಂದೆರಡು ಸಲ. ಉಪ್ಪು ನೀರಿನ ಡಬ್ಬಿ ಬೇಡ, ಹೃದಯ ಅಥವಾ ಮೂತ್ರಪಿಂಡದ ತೊಂದರೆಯಿರುವ ಬೆಕ್ಕಿಗೆ ವೈದ್ಯರನ್ನು ಕೇಳದೆ ಯಾವ ಡಬ್ಬಿಯೂ ಬೇಡ. ಬೆಕ್ಕಿನ ಸಂಪೂರ್ಣ ಒದ್ದೆ ಆಹಾರ ಮೀನಿನದೇ ಆಗಿದ್ದರೆ ಕೊಡಬಹುದು, ಆದರೆ ಕೋಳಿ, ಬೇರೆ ಮಾಂಸದವುಗಳೊಂದಿಗೆ ಸರದಿಯಲ್ಲಿ. ಒಂದೇ ರುಚಿಗೆ ಕಟ್ಟಿಹಾಕಿದ ಬೆಕ್ಕನ್ನು ರೋಗ ಬಂದಾಗ ಬೇರೆ ಊಟಕ್ಕೆ ತರುವುದು ಎಷ್ಟು ಕಷ್ಟವೆಂದು ನಾನು ಕಂಡಿದ್ದೇನೆ.

ಚುಕ್ಕಿಯ ಜ್ವರ ಒಂದು ವಾರದಲ್ಲಿ ಇಳಿಯಿತು. ತೊಡೆಸಂದಿಯ ಗಂಟುಗಳು ಕರಗಲು ಡಿಸೆಂಬರ್ ಬಂತು. ಜನವರಿಯ ಒಂದು ಬೆಳಗ್ಗೆ ತೆಂಗಿನಕಾಯಿ ತುರಿಯುತ್ತಿದ್ದಾಗ ಹಿಂದಿನಿಂದ ಧಪ್ ಎಂದು ಸದ್ದಾಯಿತು. ತಿರುಗಿ ನೋಡಿದರೆ ಕಟ್ಟೆಯ ಮೇಲೆ ಕುಳಿತು, ಡಬ್ಬಿಗಳನ್ನು ಇಡುತ್ತಿದ್ದ ಕಪಾಟಿನ ಬಾಗಿಲನ್ನು ಮುಂಗಾಲಿನಿಂದ ಕೆರೆಯುತ್ತಿದ್ದಳು. ಒಳಗೆ ಈಗ ಇರುವುದು ಬೇಳೆಯ ಡಬ್ಬಗಳು.